ಬವೇರಿಯದ ವೇಷ ತೊಟ್ಟ ಬೆಟ್ಟದ ಊರು: ತೆಂಗಿನ ಸೀಮೆಗೆ ಒಂದು ಪಾಠ



ಪರದೇಶ ನೋಡಿ ಬಂದವರು ಅಲ್ಲಿನ ಸೊಗಸನ್ನು ಹೇಳುವುದು ವಾಡಿಕೆ. ಈ ಪಾಠದಲ್ಲಿ ನಾವು ಸೊಗಸನ್ನು ಸ್ವಲ್ಪ ಹೇಳಿ, ಅದರ ಹಿಂದಿನ ಲೆಕ್ಕವನ್ನು ಹೆಚ್ಚಾಗಿ ಹೇಳಲು ಹೊರಟಿದ್ದೇವೆ. ಏಕೆಂದರೆ ನಾವು ಆ ಊರಿಗೆ ಹೋದದ್ದು ಒಂದು ಮನೆಯ ಪ್ರಶ್ನೆಯನ್ನು ತಲೆಯಲ್ಲಿ ಹೊತ್ತುಕೊಂಡು.

ನಮಗಿರುವುದು ತಿಪಟೂರು ತುರುವೇಕೆರೆ ನಡುವೆ ನಾಲ್ಕು ಎಕರೆ ತೆಂಗು, ತಗ್ಗಿನಲ್ಲಿ ನಾಲ್ಕಾರು ಸಾಲು ಅಡಿಕೆ, ಒಂದು ಹಳೆಯ ಹೆಂಚಿನ ಮನೆ. ಮನೆಯ ಅಟ್ಟದಲ್ಲಿ ವರ್ಷವಿಡೀ ಕೊಬ್ಬರಿಗಾಗಿ ಕಾಯಿ ಒಣಗುತ್ತದೆ. ಮಗ ಅಮೆರಿಕದ ಸಿಯಾಟಲ್ ಬಳಿ ಕೆಲಸದಲ್ಲಿದ್ದಾನೆ. ತೋಟ ನೋಡಿಕೊಳ್ಳುವವನು ತಮ್ಮನ ಮಗ. ೨೦೨೩ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ ೧೧,೭೫೦ ರೂಪಾಯಿ ಇದ್ದಾಗ ಪೇಟೆಯ ಬೆಲೆ ೧೦,೦೦೦ಕ್ಕೂ ಕೆಳಗೆ ಇಳಿದದ್ದು ನಿಮಗೆ ನೆನಪಿರಬೇಕು. ಆ ವರ್ಷ ಹುಡುಗ ಬೇಸತ್ತು ಒಂದು ಮಾತು ತೆಗೆದ: "ದೊಡ್ಡಪ್ಪ, ಒಂದು ಎಕರೆ ಮಾರೋಣ, ಈ ಹಳೇ ಮನೆ ಕೆಡವೋಣ, ರಸ್ತೆ ಪಕ್ಕ ಫಾರಿನ್ ಮಾದರಿ ರೆಸಾರ್ಟ್ ಕಟ್ಟೋಣ. ಬೆಂಗಳೂರಿನವರು ಬಂದೇ ಬರ್ತಾರೆ." ೨೦೨೫ರಲ್ಲಿ ಕೊಬ್ಬರಿ ೨೫,೦೦೦ ದಾಟಿದಾಗಲೂ ಅವನು ಆ ಮಾತು ಬಿಡಲಿಲ್ಲ. "ಏರಿದ್ದು ಇಳಿಯಲ್ವಾ?" ಎಂದ. ಆ ಮಾತೇನೂ ಸುಳ್ಳಲ್ಲ.

ಮಗನ ಕಿವಿಗೆ ಇದು ಬಿತ್ತು. "ನೀವಿಬ್ಬರೂ ಒಮ್ಮೆ ಇಲ್ಲಿಗೆ ಬನ್ನಿ. ಫಾರಿನ್ ಮಾದರಿ ಕಟ್ಟಿಕೊಂಡೇ ಬದುಕಿದ ಒಂದು ಊರಿದೆ, ತೋರಿಸುತ್ತೇನೆ. ಆಮೇಲೆ ತೀರ್ಮಾನ ಮಾಡಿ" ಎಂದ. ಹೀಗೆ ನಾವು ದಂಪತಿಗಳು ಮೊದಲ ಬಾರಿಗೆ ಲೆವೆನ್‌ವರ್ತ್ ಎಂಬ ಊರನ್ನು ನೋಡಿದೆವು.

ದಾರಿಯಲ್ಲಿ ಕಂಡದ್ದು

ಸಿಯಾಟಲ್ ಕಡಲ ಕಡೆಯ ಪಟ್ಟಣ. ಅಲ್ಲಿಂದ ಪೂರ್ವಕ್ಕೆ ಕ್ಯಾಸ್ಕೇಡ್ ಪರ್ವತಶ್ರೇಣಿಯನ್ನು ದಾಟಬೇಕು. ಮನ್ರೋ, ಸ್ಕೈಕೋಮಿಶ್ ಊರುಗಳನ್ನು ಹಾದು ಸ್ಟೀವನ್ಸ್ ಪಾಸ್ ಎಂಬ ೪,೦೬೧ ಅಡಿ ಎತ್ತರದ ಕಣಿವೆದಾರಿಯನ್ನು ಹತ್ತಿ ಇಳಿದರೆ, ಎರಡೂವರೆ ಗಂಟೆಯ ಮೋಟಾರು ಪ್ರಯಾಣದಲ್ಲಿ ಲೆವೆನ್‌ವರ್ತ್ ಸಿಗುತ್ತದೆ. ಘಟ್ಟದ ಈಚೆ ಬದಿಯಲ್ಲಿ ಪಾಚಿ ಹತ್ತಿದ ದಟ್ಟ ಕಾಡು, ತೊಟ್ಟಿಕ್ಕುವ ಮಳೆ. ಆಚೆ ಬದಿಗೆ ಇಳಿಯುತ್ತಿದ್ದಂತೆ ಕಾಡು ತೆಳುವಾಗಿ, ಬಿಸಿಲು ಕಾದು, ಗುಡ್ಡಗಳು ಬೋಳಾಗುತ್ತ ಹೋಗುತ್ತವೆ.

ಇದನ್ನು ನೋಡಿ ನಮಗೆ ನಮ್ಮದೇ ದಾರಿ ನೆನಪಾಯಿತು. ಮುಂಗಾರಿನ ಮೋಡ ಸಕಲೇಶಪುರ, ಮೂಡಿಗೆರೆಗಳಲ್ಲಿ ಸುರಿದು ಬರಿದಾಗಿ, ಅರಸೀಕೆರೆ ದಾಟುವ ಹೊತ್ತಿಗೆ ಬರೀ ಗಾಳಿಯಾಗಿ ನಮ್ಮ ಕಡೆಗೆ ಬರುತ್ತದೆ. ಅಲ್ಲಿಯೂ ಹಾಗೆಯೇ. ಕಡಲ ಮೋಡವನ್ನು ಬೆಟ್ಟ ತಡೆಯುತ್ತದೆ, ಆಚೆ ಬದಿಗೆ ಮಳೆಯ ನೆರಳು. ನಮಗೆ ಹೇಮಾವತಿ ನಾಲೆ ಹೇಗೋ, ಅವರಿಗೆ ಐಸಿಕಲ್ ಎಂಬ ಹೊಳೆಯ ಮತ್ತು ವೆನಾಚೀ ನದಿಯ ಕಾಲುವೆಗಳು ಹಾಗೆ. ಆ ನೀರಿನಿಂದಲೇ ಕಣಿವೆಯ ಉದ್ದಕ್ಕೂ ಪೇರು, ಸೇಬಿನ ತೋಟಗಳಾಗಿವೆ. ಅಲ್ಲಿ ಪೇರು ಎಂದರೆ ನಮ್ಮ ಸೀಬೆಯಲ್ಲ, ಮರಸೇಬು.

ಇನ್ನೊಂದು ವಿಚಿತ್ರ. ಬೆಟ್ಟದ ಊರು ಎಂದು ಹೆಸರಾದ ಲೆವೆನ್‌ವರ್ತ್ ಕಡಲಮಟ್ಟದಿಂದ ಸುಮಾರು ೧,೧೭೦ ಅಡಿ ಎತ್ತರದಲ್ಲಿದೆ. ನಮ್ಮ ತಿಪಟೂರು ಸುಮಾರು ೨,೮೦೦ ಅಡಿ. ನಾವು ಬಯಲಿನವರೆಂದು ನಮ್ಮನ್ನು ನಾವೇ ಕರೆದುಕೊಳ್ಳುತ್ತೇವೆ!

ಊರಿನ ನೋಟ

ಊರೊಳಗೆ ಕಾಲಿಟ್ಟ ಕೂಡಲೇ ಜರ್ಮನಿಯ ದಕ್ಷಿಣದ ಬವೇರಿಯ ಪ್ರಾಂತ್ಯಕ್ಕೆ ಬಂದ ಹಾಗೆ ಆಗುತ್ತದೆ. ಮುಂದಕ್ಕೆ ಚಾಚಿದ ಅಗಲವಾದ ಸೂರು, ಮರದ ಕೆತ್ತನೆಯ ಉಪ್ಪರಿಗೆ, ಉಪ್ಪರಿಗೆಯ ಕಟಾಂಜನದ ಉದ್ದಕ್ಕೂ ಕೆಂಪು ಹೂವಿನ ತೊಟ್ಟಿಗಳು, ಬಿಳಿಯ ಗೋಡೆಯ ಮೇಲೆ ಬರೆದ ಚಿತ್ರಗಳು. ಫ್ರಂಟ್ ಸ್ಟ್ರೀಟ್ ಎಂಬ ಮುಖ್ಯ ಬೀದಿಯಲ್ಲಿ ಒಂದಾದ ಮೇಲೊಂದು ಅಂಗಡಿ. ಎಲ್ಲದರ ಹಿಂದೆ ಗೋಡೆಯಂತೆ ನಿಂತ ಬೆಟ್ಟ. ಸೆಪ್ಟೆಂಬರ್ ಕೊನೆಯಾದ್ದರಿಂದ ಮೇಪಲ್ ಮರದ ಎಲೆಗಳು ಹಳದಿ ಕೆಂಪಾಗಿದ್ದವು. ಪೆಟ್ರೋಲ್ ಬಂಕು, ದಿನಸಿ ಅಂಗಡಿ, ಮೆಕ್‌ಡೊನಾಲ್ಡ್ಸ್ ತಿಂಡಿ ಅಂಗಡಿ ಸಹ ಅದೇ ವೇಷದಲ್ಲಿವೆ.

ಮನೆಯವರು ಒಂದು ಕಟ್ಟಡದ ಪಕ್ಕದ ಓಣಿಯಲ್ಲಿ ಬಗ್ಗಿ ನೋಡಿ, "ಮುಂದೆ ಮಾತ್ರ ಅರಮನೆ, ಹಿಂದೆ ಮಾಮೂಲಿ ಗೋಡೆ. ಗುಬ್ಬಿ ಕಂಪನಿ ನಾಟಕದ ಪರದೆ ಹಾಗಿದೆ" ಎಂದರು. ಅವರ ಮಾತು ಸರಿಯಾಗಿತ್ತು. ಈ ಊರಿಗೆ ಬವೇರಿಯದವರು ಬಂದು ನೆಲೆಸಿದ್ದರಿಂದ ಆದ ಊರಲ್ಲ ಇದು. ಹಾಗಾದರೆ ಪರದೆ ಏಕೆ ಕಟ್ಟಿದರು, ಯಾರು ಕಟ್ಟಿದರು, ದುಡ್ಡು ಯಾರದು? ನಮಗೆ ಬೇಕಾದ ಪಾಠ ಇಲ್ಲಿಂದ ಶುರುವಾಗುತ್ತದೆ.

ಒಂದೇ ಬೆಳೆಯ ಊರಿನ ಕಥೆ

ಲೆವೆನ್‌ವರ್ತ್ ಬೆಳೆದದ್ದು ಎರಡು ಆಧಾರಗಳ ಮೇಲೆ. ಒಂದು, ೧೮೯೦ರ ದಶಕದಲ್ಲಿ ಬಂದ ಗ್ರೇಟ್ ನಾರ್ದರ್ನ್ ರೈಲು. ಇನ್ನೊಂದು, ಮರ ಕೊಯ್ಯುವ ದೊಡ್ಡ ಕಾರ್ಖಾನೆ. ೧೯೦೬ರಲ್ಲಿ ಊರಿಗೆ ಪುರಸಭೆಯ ಅಧಿಕಾರ ಸಿಕ್ಕಿತು. ಕೆಲಸವಿತ್ತು, ಸಂಬಳವಿತ್ತು, ಅಂಗಡಿಗಳು ತುಂಬಿದ್ದವು.

೧೯೨೦ರ ದಶಕದಲ್ಲಿ ಎರಡೂ ಕೈಬಿಟ್ಟವು. ರೈಲ್ವೆಯವರು ತಮ್ಮ ವಿಭಾಗ ಕಚೇರಿಯನ್ನು ಕೆಳಗಿನ ವೆನಾಚೀ ಪಟ್ಟಣಕ್ಕೆ ಒಯ್ದರು. ಹೊಸ ದಾರಿಗಾಗಿ ಸುಮಾರು ೧೨.೫ ಕಿಲೋಮೀಟರ್ ಉದ್ದದ ಕ್ಯಾಸ್ಕೇಡ್ ಸುರಂಗವನ್ನು ಕೊರೆದು ೧೯೨೯ರಲ್ಲಿ ತೆರೆದಾಗ, ಹಳಿಯೇ ಊರಿನ ನಡುವಿನಿಂದ ಪಕ್ಕದ ಕಣಿವೆಗೆ ಸರಿದಿತ್ತು. ಮರದ ಕಾರ್ಖಾನೆಯೂ ಮುಚ್ಚಿತು. ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಊರು ಸೊರಗುತ್ತಲೇ ಇತ್ತು. ಮುಖ್ಯ ಬೀದಿಯಲ್ಲಿ ಸಾಲಾಗಿ ಬಾಗಿಲು ಹಾಕಿದ ಅಂಗಡಿಗಳು. ಓದಿದ ಮಕ್ಕಳು ಊರು ಬಿಟ್ಟರು.

ತಿಪಟೂರಿನವರಿಗೆ ಇದು ದೂರದ ಕಥೆಯಲ್ಲ. ನಮ್ಮದೂ ರೈಲು ಬಂದ ಮೇಲೆ ಬೆಳೆದ ಪೇಟೆ, ಒಂದೇ ಸರಕಿನ ಪೇಟೆ. ಕೊಬ್ಬರಿ ಎದ್ದರೆ ಬಟ್ಟೆ ಅಂಗಡಿ ಎದ್ದಿತು, ಕೊಬ್ಬರಿ ಬಿದ್ದರೆ ಮದುವೆ ಮುಂದಕ್ಕೆ ಹೋಯಿತು. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಹಣೆಬರಹವೂ ಅದಕ್ಕೇ ಕಟ್ಟಿದೆ.

ಅವರು ಮಾಡಿದ್ದೇನು?

೧೯೬೨ರಲ್ಲಿ ಊರಿನವರು ಸೇರಿ ಒಂದು ಯೋಜನೆ ಮಾಡಿದರು. ವಾಷಿಂಗ್ಟನ್ ವಿಶ್ವವಿದ್ಯಾನಿಲಯದವರು ಮಾರ್ಗದರ್ಶನ ನೀಡಿದರು. ಯೋಜನೆಯ ಹೆಸರು ಪ್ರಾಜೆಕ್ಟ್ ಲೈಫ್. ಎಲ್ಲರಿಗಾಗಿ ಲೆವೆನ್‌ವರ್ತಿನ ಸುಧಾರಣೆ ಎಂಬರ್ಥದ ಇಂಗ್ಲಿಷ್ ಮಾತಿನ ಮೊದಲಕ್ಷರಗಳನ್ನು ಕೂಡಿಸಿದರೆ ಜೀವ ಎಂಬ ಅರ್ಥದ ಲೈಫ್ ಆಗುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿ: ಅವರು ಮೊದಲು ಕಟ್ಟಡಕ್ಕೆ ಕೈಹಾಕಲಿಲ್ಲ. ಸಮಿತಿಗಳನ್ನು ಮಾಡಿಕೊಂಡು, ಊರಿನಲ್ಲಿ ಏನಿದೆ ಏನಿಲ್ಲ ಎಂದು ಕುಳಿತು ಮಾತನಾಡಿದರು.

ಎರಡನೆಯ ಹೆಜ್ಜೆಯಾಗಿ ೧೯೬೪ರಲ್ಲಿ ಎಲೆ ಹಣ್ಣಾಗುವ ಕಾಲಕ್ಕೆ ಒಂದು ಹಬ್ಬ ನಡೆಸಿದರು. ಎಲೆ ಕೆಂಪಾಗಿಸಲು ಯಾರೂ ಖರ್ಚು ಮಾಡಬೇಕಾಗಿರಲಿಲ್ಲ, ಅದು ಪ್ರತಿವರ್ಷ ತಾನೇ ಆಗುತ್ತಿತ್ತು. ಜನ ಬರುತ್ತಾರೆಯೇ ಎಂಬುದನ್ನು ಹೀಗೆ ಕಡಿಮೆ ಖರ್ಚಿನಲ್ಲಿ ಪರೀಕ್ಷಿಸಿದರು. ಆ ಹಬ್ಬ ಇಂದಿಗೂ ನಡೆಯುತ್ತಿದೆ.

ಮೂರನೆಯದು ವೇಷ. ಊರಿಗೆ ಮೊದಲೇ ಹೆದ್ದಾರಿಯ ಬದಿಯಲ್ಲಿ ಟೆಡ್ ಪ್ರೈಸ್ ಮತ್ತು ಬಾಬ್ ರಾಜರ್ಸ್ ಎಂಬ ಇಬ್ಬರು ೧೯೬೦ರಲ್ಲಿ ಒಂದು ಹೋಟೆಲನ್ನು ಕೊಂಡಿದ್ದರು. ರಾಜರ್ಸ್ ಸೈನ್ಯದಲ್ಲಿದ್ದಾಗ ಜರ್ಮನಿಯನ್ನು ಕಂಡವರು. ಈ ಬೆಟ್ಟಕ್ಕೆ ಬವೇರಿಯದ ಮನೆಗಳು ಒಪ್ಪುತ್ತವೆ ಎಂದು ಇವರು ವಾದಿಸಿದರು. ಕ್ಯಾಲಿಫೋರ್ನಿಯದ ಸಾಲ್ವಾಂಗ್ ಎಂಬ ಊರಿಗೆ ಊರಿನವರು ಹೋಗಿ ನೋಡಿ ಬಂದರು. ೧೯೧೧ರಲ್ಲಿ ಡೇನ್ ಜನ ನೆಲೆಸಿ ಕಟ್ಟಿದ ಆ ಊರು, ಡೆನ್ಮಾರ್ಕಿನ ರೂಪದ ಕಟ್ಟಡಗಳಿಂದ ಹೆಸರಾಗಿತ್ತು. ಅಲ್ಲಿ ಕೆಲಸ ಮಾಡಿದ್ದ ಅರ್ಲ್ ಪೀಟರ್‌ಸನ್ ಎಂಬ ವಿನ್ಯಾಸಕಾರರ ನೆರವನ್ನೂ ಪಡೆದರು.

೧೯೬೫ರಲ್ಲಿ ಲಾವರ್ನ್ ಪೀಟರ್‌ಸನ್ ಎಂಬ ಮಹಿಳೆ ತಮ್ಮ ಚಿಕಮಿನ್ ಹೋಟೆಲನ್ನು ಮೊದಲಿಗೆ ಹೊಸ ರೂಪಕ್ಕೆ ತಂದು ಎಡೆಲ್‌ವೈಸ್ ಎಂದು ಹೆಸರಿಟ್ಟರು. ಅದರ ಹಿಂದೆಯೇ ಅದೇ ಬೀದಿಯ ಕೆಲವರು ಮುಂದೆ ಬಂದರು. ದೊಡ್ಡ ಸರ್ಕಾರಿ ಹಣಕ್ಕಾಗಿ ಕಾಯದೆ, ಕಟ್ಟಡದ ಒಡೆಯರೇ ತಮ್ಮ ದುಡ್ಡು ಹಾಕಿ, ತಮ್ಮ ಹೆಸರಿನಲ್ಲಿ ಸಾಲ ತಂದು ಕೆಲಸ ಮುಗಿಸಿದರು. ೧೯೬೮ರಲ್ಲಿ ಊರಿಗೆ ಆಲ್ ಅಮೆರಿಕ ಸಿಟಿ ಎಂಬ ರಾಷ್ಟ್ರೀಯ ಪುರಸ್ಕಾರ ಬಂತು. ಆಮೇಲೆ ಪುರಸಭೆಯೇ ನಿಯಮ ಮಾಡಿತು: ಪೇಟೆಯಲ್ಲಿ ಕಟ್ಟುವವರು ಈ ಶೈಲಿಯಲ್ಲೇ ಕಟ್ಟಬೇಕು, ಬೋರ್ಡು ಸಹ ಅದಕ್ಕೆ ಹೊಂದಬೇಕು. ದೊಡ್ಡ ಕಂಪನಿಗೂ ವಿನಾಯಿತಿ ಇಲ್ಲ. ಮೆಕ್‌ಡೊನಾಲ್ಡ್ಸ್ ವೇಷ ತೊಟ್ಟದ್ದು ಹೀಗೆ.

ಇಂದು ಆ ಊರಿನ ಜನಸಂಖ್ಯೆ ಎರಡೂವರೆ ಸಾವಿರದ ಆಸುಪಾಸು, ನಮ್ಮ ಒಂದು ದೊಡ್ಡ ಹಳ್ಳಿಯಷ್ಟು. ನೋಡಲು ಬರುವವರು ವರ್ಷಕ್ಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚೆಂದು ಅಲ್ಲಿಯವರ ಲೆಕ್ಕ.

ನಾಣ್ಯದ ಇನ್ನೊಂದು ಮುಖ

ಇಷ್ಟಕ್ಕೇ ಪಾಠ ನಿಲ್ಲಿಸಿದರೆ ತಮ್ಮನ ಮಗ ಹೇಳಿದ್ದೇ ಸರಿಯಾಗುತ್ತದೆ. ಆದರೆ ಬೀದಿಯಲ್ಲಿ ಕುಳಿತು ಎರಡು ದಿನ ನೋಡಿದಾಗ ಬೇರೆ ಸಂಗತಿಗಳೂ ಕಂಡವು.

ಮೊದಲನೆಯದು, ನೋಡುಗರೇ ಈಗ ಅವರ ಒಂದೇ ಬೆಳೆ. ೧೯೯೪ರಲ್ಲಿ ಸುತ್ತಲಿನ ಕಾಡಿಗೆ ಬೆಂಕಿ ಬಿದ್ದು ಊರಿನ ಅಂಚಿನವರೆಗೆ ಬಂದಾಗ, ೨೦೨೦ರಲ್ಲಿ ಕೊರೋನಾ ಬಂದು ಬಾಗಿಲು ಹಾಕಿದಾಗ, ಆ ಬೆಳೆ ಒಂದೇ ಏಟಿಗೆ ನೆಲ ಕಚ್ಚಿತು. ರೈಲು ಹೋದರೆ ಊರು ಹೋಯಿತು ಎಂಬುದರ ಬದಲು, ರಸ್ತೆ ಮುಚ್ಚಿದರೆ ಊರು ಮುಚ್ಚಿತು ಎಂದಾಗಿದೆ.

ಎರಡನೆಯದು, ಮನೆಯ ಬೆಲೆ. ಹೊರಗಿನವರು ಮನೆಗಳನ್ನು ಕೊಂಡು ದಿನದ ಬಾಡಿಗೆಗೆ ಬಿಡತೊಡಗಿದಾಗ, ಹೋಟೆಲಿನಲ್ಲಿ ತಟ್ಟೆ ಎತ್ತುವ, ತೋಟದಲ್ಲಿ ಹಣ್ಣು ಕೀಳುವ ಜನಕ್ಕೆ ಅಲ್ಲೇ ವಾಸಿಸುವುದು ಕಷ್ಟವಾಯಿತು. ವಾಸದ ಬಡಾವಣೆಗಳಲ್ಲಿ ದಿನಬಾಡಿಗೆಯನ್ನು ತಡೆಯಲು ಪುರಸಭೆಯೂ, ಸುತ್ತಲ ಪ್ರದೇಶದಲ್ಲಿ ಅದನ್ನು ಹತೋಟಿಗೆ ತರಲು ೨೦೨೧ರಲ್ಲಿ ಚೆಲಾನ್ ಕೌಂಟಿಯ ಆಡಳಿತವೂ ನಿಯಮ ಮಾಡಬೇಕಾಯಿತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ನಮ್ಮ ಸದಸ್ಯರು ಹೋಂಸ್ಟೇ ಬೆಳೆದ ಬಗೆಯನ್ನು ಕಂಡವರು, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ತೋಟದವರ ಮಾತು. ಕಣಿವೆಯಲ್ಲಿ ಕೆಳಗಿಳಿದಾಗ ಪೇರಿನ ಕೊಯ್ಲಿನ ಪೆಟ್ಟಿಗೆಗಳನ್ನು ಕಂಡು ನಾವು ಕಾರು ನಿಲ್ಲಿಸಿದೆವು. ಒಬ್ಬ ವಯಸ್ಸಾದ ಬೆಳೆಗಾರರನ್ನು ಮಗನ ಮೂಲಕ ಕೇಳಿದೆವು: "ಇಷ್ಟು ಜನ ಬರುತ್ತಾರಲ್ಲ, ನಿಮ್ಮ ಹಣ್ಣಿಗೆ ಬೆಲೆ ಹೆಚ್ಚಿತೇ?" ಅವರು ನಕ್ಕು, "ಅವರು ಹೂವಿನ ಕಾಲದಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ. ಹಣ್ಣು ಮಾರುವವರು ನಾವೇ" ಎಂದರು. ಆ ಕಣಿವೆಯ ಬೆಳೆಗಾರರನ್ನು ಉಳಿಸಿದ್ದು ಬೇರೆ ದಾರಿ. ಪೆಷಾಸ್ಟಿನ್ ಎಂಬಲ್ಲಿ ಅವರು ಬ್ಲೂ ಬರ್ಡ್ ಎಂಬ ಸಹಕಾರಿ ಸಂಸ್ಥೆಯನ್ನು ಕಟ್ಟಿಕೊಂಡು ಹಣ್ಣನ್ನು ಒಟ್ಟಾಗಿ ವಿಂಗಡಿಸಿ ಮಾರಿದರು. ಪಕ್ಕದ ಕ್ಯಾಶ್‌ಮಿಯರ್ ಊರಿನಲ್ಲಿ ಅರ್ಮೇನಿಯದಿಂದ ಬಂದ ಇಬ್ಬರು ೧೯೨೦ರ ಸುಮಾರಿಗೆ ಮಿಕ್ಕ ಸೇಬಿನಿಂದ ಆಪ್ಲೆಟ್ಸ್ ಎಂಬ ಮಿಠಾಯಿ ಮಾಡಿ ಹೆಸರಾದರು. ಅವರು ತಮ್ಮ ನಾಡಿನ ಮಿಠಾಯಿಯನ್ನೇ ಅಲ್ಲಿನ ಹಣ್ಣಿಗೆ ಒಗ್ಗಿಸಿದ್ದರು.

ನಮ್ಮಲ್ಲೂ ಇಂಥ ದಾರಿ ಹೊಸದಲ್ಲ. ೧೯೭೩ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿದ ಕ್ಯಾಂಪ್ಕೊ, ಕೋಕೋ ಬೆಲೆ ಕುಸಿದು ಬೆಳೆಗಾರ ಕಂಗೆಟ್ಟ ಮೇಲೆ ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು.

ಪಾಠದ ಸಾರ

ಬೆಳೆಗಾರ ಬಂಧುಗಳು ಕೆಳಗಿನ ನಾಲ್ಕು ಅಂಶಗಳನ್ನು ನೆನಪಿನಲ್ಲಿಡಬೇಕೆಂದು ನಮ್ಮ ವಿನಂತಿ.

೧. ಲೆವೆನ್‌ವರ್ತನ್ನು ಉಳಿಸಿದ್ದು ಬವೇರಿಯದ ಸೂರಲ್ಲ. ಒಂದು ಬೀದಿಯ ಜನ ಒಂದು ಮಾತಿಗೆ ಕಟ್ಟುಬಿದ್ದದ್ದು ಉಳಿಸಿತು. ಒಬ್ಬನೇ ರಸ್ತೆಬದಿಯಲ್ಲಿ ಅಂಥ ಸೂರು ಕಟ್ಟಿದರೆ ಅದು ಸಂತೆಯಲ್ಲಿ ಒಬ್ಬನೇ ಹಾಕಿದ ವೇಷವಾಗುತ್ತದೆ.

೨. ಮೊದಲು ಮಾತು, ಆಮೇಲೆ ಹಬ್ಬ, ಆಮೇಲೆ ಕಟ್ಟಡ. ೧೯೬೨, ೧೯೬೪, ೧೯೬೫ ಎಂಬ ಮೂರು ವರ್ಷಗಳ ಅನುಕ್ರಮವನ್ನು ಮರೆಯಬಾರದು. ನಾವು ಸಾಮಾನ್ಯವಾಗಿ ಸಾಲದಿಂದ ಶುರುಮಾಡಿ ಮಾತಿಗೆ ಕೊನೆಯಲ್ಲಿ ಬರುತ್ತೇವೆ.

೩. ಅವರಲ್ಲಿ ತೋರಿಸಲು ಹಳೆಯ ಕಟ್ಟಡಗಳ ಸೊಬಗು ಇರಲಿಲ್ಲ, ಅದಕ್ಕಾಗಿ ಎರವಲು ತಂದರು. ನಮಗೆ ಎರವಲು ಬೇಕಿಲ್ಲ. ಅರಳಗುಪ್ಪೆಯಲ್ಲಿ, ತುರುವೇಕೆರೆಯಲ್ಲಿ, ವಿಘ್ನಸಂತೆಯಲ್ಲಿ ಹೊಯ್ಸಳರ ಕಾಲದ ಗುಡಿಗಳಿವೆ. ದಸರೀಘಟ್ಟದ ಚೌಡೇಶ್ವರಿಯಮ್ಮನ ಸನ್ನಿಧಿಗೆ ಜನ ಬರುತ್ತಲೇ ಇದ್ದಾರೆ. ಕಾಯಿ ಎಂಟು ಹತ್ತು ತಿಂಗಳು ಅಟ್ಟದ ಮೇಲೆ ಕುಳಿತು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಕಟಕಟ ಎನ್ನುವ ಉಂಡೆ ಕೊಬ್ಬರಿಯಾಗುವ ಬಗೆಯನ್ನು ಪೇಟೆಯ ಮಕ್ಕಳಲ್ಲಿ ಎಷ್ಟು ಮಂದಿ ಕಂಡಿದ್ದಾರೆ? ಇನ್ನು ಜರ್ಮನ್ ಮಾತಿನವರ ಕೈಗುಣವೇ ಬೇಕೆಂದರೆ ಅದೂ ನಮ್ಮ ತಲೆಯ ಮೇಲಿದೆ: ಮಂಗಳೂರು ಹೆಂಚಿನ ಮೊದಲ ಕಾರ್ಖಾನೆಯನ್ನು ೧೮೬೫ರಲ್ಲಿ ತೆರೆದವರು ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬುವರು.

೪. ಒಂದು ಬೆಳೆಯನ್ನು ಬಿಟ್ಟು ಇನ್ನೊಂದೇ ಬೆಳೆಗೆ ಜೋತುಬೀಳಬಾರದು. ನೋಡುಗರು ಮಿಶ್ರಬೆಳೆಯಾಗಬೇಕು, ತೆಂಗಿನ ನಡುವೆ ಅಡಿಕೆ, ಬಾಳೆ, ಮೆಣಸು ಇದ್ದ ಹಾಗೆ. ನೆಲ ಮಾರಿ ಅತಿಥಿಯನ್ನು ಕರೆದರೆ, ಅತಿಥಿ ಬಾರದ ವರ್ಷ ನೆಲವೂ ಇಲ್ಲ.

ನಮ್ಮ ಮನೆಯ ತೀರ್ಮಾನ

ಹಿಂದಿರುಗಿದ ಮೇಲೆ ತಮ್ಮನ ಮಗನನ್ನು ಕೂರಿಸಿಕೊಂಡು ಇಷ್ಟನ್ನೂ ಹೇಳಿದೆವು. ಅವನು ಕೇಳಿ, "ಹಾಗಾದ್ರೆ ಏನೂ ಮಾಡೋದು ಬೇಡ ಅಂತೀರಾ?" ಎಂದ. ನಿಜವಾದ ಪ್ರಶ್ನೆ. ಅವನು ತೋಟ ಬಿಟ್ಟು ಬೆಂಗಳೂರಿಗೆ ಹೊರಟರೆ ತಡೆಯಲು ನಮ್ಮ ಬಳಿ ಮಾತಿಲ್ಲ. ನಮ್ಮ ಮಗನೇ ಹೋಗಿ ಕುಳಿತಿದ್ದಾನಲ್ಲ.

ಆದ್ದರಿಂದ ಹೀಗೆ ಮಾಡಿದೆವು. ಎಕರೆ ಮಾರಲಿಲ್ಲ, ಮನೆ ಕೆಡವಲಿಲ್ಲ. ಕೊಬ್ಬರಿಗೆ ಒಳ್ಳೆಯ ಬೆಲೆ ಬಂದ ಹಣದಲ್ಲಿ ಹೆಂಚು ಕೈಯಾಡಿಸಿ, ಹುಳು ತಿಂದ ಜಂತಿ ಬದಲಿಸಿ, ಪಡಸಾಲೆಯ ಪಕ್ಕದ ಒಂದು ಕೋಣೆಯನ್ನು ಸ್ನಾನದ ಮನೆ ಸಮೇತ ಸರಿಪಡಿಸಿದೆವು. ಮಗನೂ ಸ್ವಲ್ಪ ಕಳಿಸಿದ, ಸಾಲವೆಂದೇ ಬರೆದಿಟ್ಟಿದ್ದೇವೆ. ಹುಡುಗ ಊರಿನ ಆರು ಮನೆಯವರನ್ನು ಸೇರಿಸಿ ಮೂರು ಸಲ ಸಭೆ ಮಾಡಿದ್ದಾನೆ. ಬರುವ ಜಾತ್ರೆಗೆ ಕಾಯಿ ಸುಲಿಯುವುದು, ಅಟ್ಟ ತೋರಿಸುವುದು, ಗಾಣದ ಎಣ್ಣೆ ಮಾರುವುದು, ಮಧ್ಯಾಹ್ನ ಮುದ್ದೆ ಊಟ, ಇಷ್ಟನ್ನು ಪರೀಕ್ಷೆಗೆ ಇಡುತ್ತಾರೆ. ಆರು ಮನೆಗೂ ಒಂದೇ ದರ, ಒಂದೇ ಶುಚಿತ್ವದ ನಿಯಮ. ಜನ ಬಂದರೆ ಮುಂದಿನ ಮಾತು, ಬಾರದಿದ್ದರೆ ಹೆಂಚು ಭದ್ರವಾಯಿತು ಎಂದುಕೊಳ್ಳುತ್ತೇವೆ. ಅಟ್ಟದ ಕಾಯಿ ಹೇಗೂ ಒಣಗುತ್ತಿರುತ್ತದೆ.

ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಎಂಬ ಗಾದೆಯಿದೆ. ತೆಂಗು ನಮ್ಮಲ್ಲಿ ಇದೆ. ಒಲೆಯ ಸುತ್ತ ಹತ್ತು ಜನ ಕೂರುವುದನ್ನು ನಾವು ಕಲಿಯಬೇಕಾಗಿದೆ.

ಅಧ್ಯಯನ ಕೂಟದಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

೧. ನಿಮ್ಮ ಊರಿನಲ್ಲಿ ಖರ್ಚಿಲ್ಲದೆ ಪ್ರತಿವರ್ಷ ತಾನಾಗಿ ಬರುವ, ಹೊರಗಿನವರು ನೋಡಲು ಬಯಸುವ ಸಂಗತಿ ಯಾವುದು?

೨. ಕೊಬ್ಬರಿ ಅಥವಾ ಅಡಿಕೆಯ ಬೆಲೆ ಎರಡು ವರ್ಷ ಬಿದ್ದರೆ ನಿಮ್ಮ ಮನೆಯ ಯಾವ ಆದಾಯ ಉಳಿಯುತ್ತದೆ?

೩. ನಿಮ್ಮ ಬೀದಿಯ ಐದು ಮನೆಯವರು ಒಂದೇ ನಿಯಮಕ್ಕೆ ಕಟ್ಟುಬೀಳಬಹುದಾದ ಕೆಲಸ ಯಾವುದು? ಅದಕ್ಕೆ ಮೊದಲು ಹೆಜ್ಜೆಯಿಡುವ ಮನೆ ಯಾವುದು?

೪. ಸಂಘದ ಮೂಲಕ ಒಟ್ಟಾಗಿ ಮಾರಿದರೆ ಹೆಚ್ಚು ಬೆಲೆ ಬರಬಹುದಾದ ನಿಮ್ಮ ತೋಟದ ಉಪಪದಾರ್ಥ ಯಾವುದು?

ಉತ್ತರಗಳನ್ನು ಬರೆದಿಟ್ಟುಕೊಂಡು ಮುಂದಿನ ಸಭೆಗೆ ತನ್ನಿ. ಮನೆಯ ಹುಡುಗರನ್ನೂ ಹೆಣ್ಣುಮಕ್ಕಳನ್ನೂ ಜೊತೆಗೆ ಕರೆತರುವುದನ್ನು ಮರೆಯಬೇಡಿ.